ಮೂರು ಕೆಲಸ ಬಿಟ್ಟ ಲೆಕ್ಕ

ಪ್ರಶ್ನೆ: ನನಗೆ 29 ವರ್ಷ. ಎಂಜಿನಿಯರಿಂಗ್ ಮುಗಿಸಿ ಏಳು ವರ್ಷಗಳಾದವು. ಸಾಫ್ಟ್‌ವೇರ್ ಟೆಸ್ಟಿಂಗ್, ಕೋಚಿಂಗ್ ಕೇಂದ್ರವೊಂದರಲ್ಲಿ ಗಣಿತ ಪಾಠ, ವಿಮಾ ಕಂಪನಿಯ ಗ್ರಾಹಕ ಸೇವೆ ಹೀಗೆ ಮೂರು ಕೆಲಸಗಳನ್ನು ಬಿಟ್ಟು ಈಗ ಆಸ್ಪತ್ರೆಯೊಂದರ ಆಡಳಿತ ವಿಭಾಗದಲ್ಲಿದ್ದೇನೆ. ಎಲ್ಲಿ ಸೇರಿದರೂ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ‘ಇದು ನನ್ನದಲ್ಲ’ ಎನಿಸತೊಡಗುತ್ತದೆ. ಈಗ ಕೆಲಸ ಬಿಟ್ಟು ಇಂಟೀರಿಯರ್ ಡಿಸೈನ್ ಕೋರ್ಸಿಗೆ ಸೇರುವ ಮನಸ್ಸಾಗಿದೆ. ‘ನಿನ್ನದು ಬರೀ ಮರಕೋತಿ ಆಟ’ ಎಂದು ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾರೆ. ನನ್ನ ದಾರಿ ಯಾವುದೆಂದು ಎಂದಾದರೂ ತಿಳಿದೀತೇ?

ಉತ್ತರ: ಆರು ಪುಟಗಳ ನಿಮ್ಮ ಪತ್ರವನ್ನು ಇಲ್ಲಿ ಕೆಲವೇ ಸಾಲುಗಳಿಗೆ ಇಳಿಸಿದ್ದೇನೆ. ಆದರೆ ನನ್ನ ಉತ್ತರ ಹುಟ್ಟಿದ್ದು ಇಲ್ಲಿ ಕೈಬಿಟ್ಟ ಪುಟಗಳಿಂದ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಏಳು ವರ್ಷಗಳಲ್ಲಿ ನಾಲ್ಕು ಕೆಲಸವೆಂದರೆ ಒಂದೇ ಕಡೆ ದುಡಿದು ನಿವೃತ್ತರಾಗುವುದನ್ನೇ ಶಿಸ್ತೆಂದು ಬಗೆದ ಹಿರಿಯರಿಗೆ ಗಾಬರಿಯಾಗುವುದು ಸಹಜ. ಆದರೂ ಸಂಖ್ಯೆ ನೋಡಿ ಹೆದರಬೇಕಾಗಿಲ್ಲ. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ ಅಮೆರಿಕದ ಯುವಕರನ್ನು ಕುರಿತು 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಸಾಮಾನ್ಯ ಯುವಕನೊಬ್ಬ ದುಡಿಮೆಯ ಮೊದಲ ಹತ್ತು ವರ್ಷಗಳಲ್ಲಿ ಸುಮಾರು ಏಳು ಕಡೆ ಕೆಲಸ ಮಾಡಿರುತ್ತಿದ್ದ. ಆ ಅವಧಿಯ ಸಂಬಳದ ಏರಿಕೆಯಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಕೆಲಸ ಬದಲಿಸಿದ್ದರಿಂದಲೇ ಬಂದಿತ್ತು. ಅದು ಬೇರೊಂದು ಕಾಲದ, ಗಂಡಸರದಷ್ಟೇ ಲೆಕ್ಕವಾದ್ದರಿಂದ ಅದನ್ನು ನಿಮಗೆ ಹಾಗೆಯೇ ಹಚ್ಚಲಾರೆ. ಆದರೆ ಕೆಲಸವೊಂದು ನಮಗೆ ಒಗ್ಗುತ್ತದೆಯೇ ಎಂಬುದು ಅದನ್ನು ಸ್ವಲ್ಪಕಾಲ ಮಾಡಿದ ಮೇಲಷ್ಟೇ ತಿಳಿಯುತ್ತದೆ ಎಂಬ ಮಾತು ಯಾರಿಗೂ ಅನ್ವಯಿಸುವಂಥದು. ಇದೇ ತಳಹದಿಯ ಮೇಲೆ ಬೊಯಾನ್ ಜೊವನೊವಿಚ್ ಎಂಬ ಅರ್ಥಶಾಸ್ತ್ರಜ್ಞ 1979ರಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದರು. ಹಾಗಾಗಿ ನೀವು ಕೆಲಸ ಬದಲಿಸಿದ್ದನ್ನು ನಾನು ತಪ್ಪೆನ್ನುವುದಿಲ್ಲ.

ನನಗೆ ತಪ್ಪೆನಿಸುವುದು ಬೇರೆಯೇ ಇದೆ. ಪ್ರತಿ ಸಲವೂ ನೀವು ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದೀರಿ. ಕೆಲಸದ ಬಗೆ, ಸಂಸ್ಥೆ, ಮೇಲಧಿಕಾರಿ, ದಿನದ ವೇಳೆ ಇವೆಲ್ಲ ಒಂದೇ ಏಟಿಗೆ ಬದಲಾದರೆ, ಹಿಂದಿನ ಜಾಗದಲ್ಲಿ ಹಿಂಸೆಯಾಗಿದ್ದು ಯಾವುದು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಕೋಚಿಂಗ್ ಕೇಂದ್ರದ ವಿಷಯವನ್ನೇ ನೋಡಿ. ಅಲ್ಲಿನ ಮುಖ್ಯಸ್ಥರು ವಿದ್ಯಾರ್ಥಿಗಳೆದುರಿಗೆ ನಿಮ್ಮನ್ನು ಗದರಿಸಿದ್ದಕ್ಕೆ ಮನನೊಂದು ಹೊರಬಂದಿರೆಂದು ಮೂರನೆಯ ಪುಟದಲ್ಲಿ ಬರೆದಿದ್ದೀರಿ. ಐದನೆಯ ಪುಟಕ್ಕೆ ಬರುವಷ್ಟರಲ್ಲಿ ಅದೇ ಘಟನೆ ‘ಪಾಠ ಹೇಳುವುದು ನನಗೆ ಆಗಿಬರಲಿಲ್ಲ’ ಎಂದಾಗಿದೆ. ಒಬ್ಬ ಒರಟು ಮನುಷ್ಯನ ಬಗ್ಗೆ ತಿಳಿದದ್ದನ್ನು ನೀವು ಒಂದು ಇಡೀ ವೃತ್ತಿಯ ಖಾತೆಗೆ ಬರೆದುಕೊಂಡಿದ್ದೀರಿ. ವಿಮಾ ಕಂಪನಿಯದೂ ಅರ್ಧ ಇಂಥದ್ದೇ ಕಥೆ; ಅಲ್ಲಿ ನಿಮ್ಮನ್ನು ಸೋಲಿಸಿದ್ದು ರಾತ್ರಿ ಪಾಳಿ.

ಇನ್ನು ನಾನು ಎರಡು ಸಲ ಓದಿದ ಭಾಗಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ರೋಗಿಗಳ ಕೈಗೆ ಕೊಡುವ ಸೂಚನೆಯ ಹಾಳೆಯಲ್ಲಿ ‘ಔಷಧಿಗಳನ್ನು ನಿಗದಿತ ಅಂತರದಲ್ಲಿ ತಪ್ಪದೆ ಸೇವಿಸತಕ್ಕದ್ದು’ ಎಂದಿತ್ತಂತೆ. ಅದನ್ನು ಹಿಡಿದುಕೊಂಡು ಜನ ಮತ್ತೆ ಮತ್ತೆ ಕೌಂಟರಿಗೆ ಬರುವುದನ್ನು ನೋಡಿ, ನೀವು ‘ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಮಾತ್ರೆ, ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ’ ಎಂಬ ಧಾಟಿಯಲ್ಲಿ ಇಡೀ ಹಾಳೆಯನ್ನು ಹೊಸದಾಗಿ ಬರೆದು, ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದಿರಿ. ಮರುದಿನ ವೃದ್ಧರೊಬ್ಬರು ಅದನ್ನು ನಿಂತಲ್ಲೇ ಗಟ್ಟಿಯಾಗಿ ಓದಿಕೊಂಡು, ಯಾರನ್ನೂ ಏನನ್ನೂ ಕೇಳದೆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟರು. ‘ಅದು ನನ್ನ ಕೆಲಸವಾಗಿರಲಿಲ್ಲ, ಸುಮ್ಮನೆ ಮಾಡಿದೆ’ ಎಂದು ಬರೆದು ನೀವು ಮುಂದಕ್ಕೆ ಹೋಗಿದ್ದೀರಿ. ನಾನು ಆ ‘ಸುಮ್ಮನೆ’ಯ ಬಳಿ ಬಹಳ ಹೊತ್ತು ನಿಂತೆ.

ಏಕೆಂದರೆ ಹಿಂದಿನ ಪುಟಗಳಲ್ಲೂ ಅದರ ಸುಳಿವಿದೆ. ಟೆಸ್ಟಿಂಗ್‌ನಲ್ಲಿ ಇಷ್ಟವಾದದ್ದು ದೋಷಗಳ ವರದಿಯನ್ನು ಯಾರಿಗೂ ಅರ್ಥವಾಗುವಂತೆ ಬರೆಯುವುದು. ಕೋಚಿಂಗ್‌ನಲ್ಲಿ ತರಗತಿಗಿಂತ ನೋಟ್ಸ್ ತಯಾರಿ. ವಿಮಾ ಕಂಪನಿಯಲ್ಲಿ ನೀವು ಬರೆದಿಟ್ಟ ಮಾದರಿ ಉತ್ತರಗಳನ್ನು ಸಹೋದ್ಯೋಗಿಗಳೂ ಬಳಸತೊಡಗಿದ್ದು. ತೊಡಕಿನ ವಿಷಯವನ್ನು ತಿಳಿಯಾಗಿಸಿ ಬರೆಯುವುದನ್ನೇ ವೃತ್ತಿಯಾಗಿಸಿಕೊಂಡವರು ಇದ್ದಾರೆ: ಯಂತ್ರ ಮತ್ತು ಸಾಫ್ಟ್‌ವೇರ್‌ಗಳ ಕೈಪಿಡಿ ಬರೆಯುವವರು, ರೋಗಿಗಳಿಗಾಗಿ ಮಾಹಿತಿ ಪತ್ರ ಸಿದ್ಧಪಡಿಸುವವರು, ಪಠ್ಯಸಾಮಗ್ರಿ ರೂಪಿಸುವವರು. ಇದೇ ನಿಮ್ಮ ದಾರಿ ಎಂದು ನಾನು ಪತ್ರವೊಂದನ್ನು ಓದಿ ತೀರ್ಪು ಕೊಡಲಾರೆ. ಆದರೆ ಇದುವರೆಗೆ ನೀವು ಪರೀಕ್ಷೆಗೆ ಒಡ್ಡದೆ ಉಳಿಸಿದ್ದು ಇದೊಂದನ್ನೇ. ಈ ಸಲ ಜಾಗ ಬದಲಿಸದೆ, ಇದ್ದಲ್ಲೇ ಒಂದನ್ನು ಮಾತ್ರ ಬದಲಿಸಿ ನೋಡಿ. ಆಸ್ಪತ್ರೆಯ ಇನ್ನೆರಡು ವಿಭಾಗಗಳ ಹಾಳೆಗಳನ್ನೂ ಬರೆದುಕೊಡುವುದಾಗಿ ಮೇಲಧಿಕಾರಿಯನ್ನು ಕೇಳಿ. ವೈದ್ಯರು ಮೂರು ಸಲ ತಿದ್ದಿ ವಾಪಸು ಕಳಿಸಿದಾಗ, ಹತ್ತನೆಯ ಹಾಳೆ ಮೊದಲನೆಯದರಂತೆಯೇ ಕಂಡಾಗ ಮನಸ್ಸು ಏನೆನ್ನುತ್ತದೆ ಎಂಬುದನ್ನು ಅದೇ ಸಂಜೆ ಒಂದೆರಡು ಸಾಲು ಬರೆದಿಡಿ. ಕಾಲ ಕಳೆದ ಮೇಲಿನ ನೆನಪು ಕೋಚಿಂಗ್ ಕೇಂದ್ರದ ವಿಷಯದಲ್ಲಿ ನಿಮಗೆ ಎಂಥ ಮೋಸ ಮಾಡಿತೆಂದು ಈಗಾಗಲೇ ನೋಡಿದ್ದೀರಿ.

ಇಂಟೀರಿಯರ್ ಡಿಸೈನ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಆರು ಪುಟಗಳಲ್ಲಿ ಅದಕ್ಕೆ ಸಿಕ್ಕಿದ್ದು ನಾಲ್ಕೇ ಸಾಲು, ಆ ನಾಲ್ಕೂ ಬಣ್ಣ ಮತ್ತು ಬೆಳಕಿನ ಬಗ್ಗೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಹೀಗೆಯೇ. ಆ ವೃತ್ತಿಯವರ ದಿನದ ಬಹುಪಾಲು ಅಳತೆ ತೆಗೆಯುವುದರಲ್ಲಿ, ಖರ್ಚಿನ ಅಂದಾಜು ಪಟ್ಟಿ ಮಾಡುವುದರಲ್ಲಿ, ಬಡಗಿ ಬರಲಿಲ್ಲವೆಂದು ಫೋನ್ ಮಾಡುವುದರಲ್ಲಿ, ಒಪ್ಪಿಕೊಂಡ ನಕ್ಷೆಯನ್ನು ಮನೆಯವರು ಮತ್ತೆ ಬೇಡವೆಂದಾಗ ತಾಳ್ಮೆಯಿಂದ ಕೇಳಿಸಿಕೊಳ್ಳುವುದರಲ್ಲಿ ಕಳೆಯುತ್ತದೆ. ಶುಲ್ಕ ಕಟ್ಟುವ ಮೊದಲು ಆ ಕೆಲಸದಲ್ಲಿರುವ ಯಾರನ್ನಾದರೂ ಒಪ್ಪಿಸಿ, ನಾಲ್ಕು ರಜಾದಿನ ಅವರ ಹಿಂದೆ ಓಡಾಡಿ ಬನ್ನಿ. ಅವರ ಅತ್ಯಂತ ನೀರಸವಾದ ದಿನವನ್ನು ಕಂಡ ಮೇಲೂ ಆಸೆ ಉಳಿದರೆ ಆಗ ಕೋರ್ಸಿನ ಮಾತಾಡೋಣ.

ಒಂದೂವರೆ ವರ್ಷದ ಬೇಸರದ ಬಗ್ಗೆಯೂ ಒಂದು ಮಾತು. ಹೊಸದಾಗಿ ಕಲಿಯುವ ಹುರುಪು ಇಳಿದು, ಕಲಿತದ್ದನ್ನೇ ಮತ್ತೆ ಮಾಡುವ ಕಾಲ ಬಹುಮಟ್ಟಿಗೆ ಆಗಲೇ ಆರಂಭವಾಗುತ್ತದೆ. ಮೂರು ಸಲವೂ ನೀವು ಎದ್ದುಹೋದದ್ದು ಆ ಹೊಸ್ತಿಲಲ್ಲೇ. ಅದರಾಚೆಗೆ ಏನಿದೆ ಎಂಬುದು ನಿಮಗಿನ್ನೂ ತಿಳಿಯದು. ಈ ಸಲ ಆರು ತಿಂಗಳ ಮಟ್ಟಿಗಾದರೂ ದಾಟಿ ನೋಡಿ.

ತಂದೆಯವರಿಗೆ ನಿಮ್ಮ ಸ್ವಭಾವವನ್ನು ವಿವರಿಸಲು ಹೋಗಬೇಡಿ. ಅದರಿಂದ ಜಗಳ ಬೆಳೆಯುತ್ತದೆ. ಈ ಆರು ತಿಂಗಳು ಕೆಲಸ ಬಿಡುವುದಿಲ್ಲವೆಂದು ತಿಳಿಸಿ, ನೀವು ಬರೆದ ಆ ಹಾಳೆಯನ್ನು ಅವರ ಕೈಗೆ ಕೊಟ್ಟು, ಓದಿ ಅರ್ಥವಾಗದ ಸಾಲು ಯಾವುದೆಂದು ಗುರುತಿಸಲು ಕೇಳಿ.