ಓದುಗರ ಪ್ರಶ್ನೆ: ಶಿಲ್ಪಿಯೂ ಕವಿಯೂ ಆಗಿದ್ದ ಥಾಮಸ್ ವುಲ್ನರ್

ಪ್ರಶ್ನೆ: ಪ್ರೀ-ರಾಫೆಲೈಟ್ ಬಳಗ ಎಂದೊಡನೆ ರೊಸೆಟ್ಟಿ, ಮಿಲೈ, ಹೋಲ್ಮನ್ ಹಂಟ್ ಅವರ ವರ್ಣಚಿತ್ರಗಳೇ ನೆನಪಾಗುತ್ತವೆ. ಆ ಬಳಗದಲ್ಲಿ ಥಾಮಸ್ ವುಲ್ನರ್ ಎಂಬ ಶಿಲ್ಪಿಯೂ ಇದ್ದನೆಂದು ಓದಿದೆ. ಚಿತ್ರಕಾರರ ನಡುವೆ ಶಿಲ್ಪಿಗೆ ಏನು ಪಾತ್ರವಿತ್ತು?

ಉತ್ತರ: 1848ರಲ್ಲಿ ಲಂಡನ್ನಿನಲ್ಲಿ ಈ ಬಳಗವನ್ನು ಕಟ್ಟಿದ ಏಳು ಮಂದಿ ತರುಣರಲ್ಲಿ ವುಲ್ನರ್ ಒಬ್ಬನೇ ಶಿಲ್ಪಿ. 1825ರ ಡಿಸೆಂಬರಿನಲ್ಲಿ ಸಫೊಕ್ ಪ್ರಾಂತದ ಹ್ಯಾಡ್ಲಿಯಲ್ಲಿ ಹುಟ್ಟಿದ ಆತ, ವಿಲಿಯಂ ಬೆಹ್ನೆಸ್ ಎಂಬ ಶಿಲ್ಪಿಯ ಬಳಿ ಕೆಲಸ ಕಲಿತು, 1842ರಲ್ಲಿ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದ್ದ.

ಕಣ್ಣಿಗೆ ಕಂಡುದನ್ನು ಕಂಡಂತೆಯೇ, ಸೂಕ್ಷ್ಮವಾಗಿ, ಶ್ರದ್ಧೆಯಿಂದ ಚಿತ್ರಿಸಬೇಕೆಂಬುದು ಬಳಗದ ಸಂಕಲ್ಪವಾಗಿತ್ತು. ಚಿತ್ರಕಾರನಿಗೆ ಬಣ್ಣವಿದೆ, ಬೆಳಕಿದೆ. ಒಂದೊಂದು ಎಲೆಯನ್ನೂ ಬಿಡಿಸಿ ತೋರಿಸುವಷ್ಟು ಹರವಾದ ಹಿನ್ನೆಲೆಯಿದೆ. ಇವು ಯಾವುವೂ ಇಲ್ಲದ ಶಿಲ್ಪಿ ಅದೇ ಸಂಕಲ್ಪವನ್ನು ಬಿಳಿಯ ಕಲ್ಲಿನಲ್ಲಿ ಹೇಗೆ ನಡೆಸಬೇಕು ಎಂಬುದು ವುಲ್ನರನ ನಿಜವಾದ ಸಮಸ್ಯೆಯಾಗಿತ್ತು. ಅದೂ ಬ್ರಿಟಿಷ್ ಶಿಲ್ಪಿಗಳು ಸಮಕಾಲೀನರಿಗೂ ರೋಮನ್ನರ ವಸ್ತ್ರ ಹೊದಿಸಿ, ಮುಖದ ಸುಕ್ಕುಗಳನ್ನು ನಯವಾಗಿ ಸವರಿಬಿಡುತ್ತಿದ್ದ ಪರಂಪರೆಯ ನಡುವೆ. ಆತ ಕಂಡುಕೊಂಡ ಉತ್ತರ ಮನುಷ್ಯನ ಮುಖ. 1857ರಲ್ಲಿ ಆತ ಕಡೆದ ಟೆನಿಸನ್ ಕವಿಯ ಎದೆಮಟ್ಟದ ಪ್ರತಿಮೆ ಇಂದು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿದೆ. ಕವಿ ಗಡ್ಡ ಬಿಡುವ ಮೊದಲಿನ ಆ ಮುಖದಲ್ಲಿ ದೇವತೆಯ ಕಳೆಯನ್ನು ಹುಡುಕಬೇಕಾಗಿಲ್ಲ. ಆಯಾಸವನ್ನೂ ಆಲೋಚನೆಯನ್ನೂ ಹೊತ್ತ, ನಡುವಯಸ್ಸಿನ ಮನುಷ್ಯನೊಬ್ಬ ಅಲ್ಲಿದ್ದಾನೆ. ಬಳಗದ ಸಂಕಲ್ಪ ಕಲ್ಲಿನಲ್ಲಿ ಸಫಲವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ.

ಪ್ರಶ್ನೆ: ಇಂಥ ಶಿಲ್ಪಿ ನಡುವೆ ಕಲೆಯನ್ನು ಬಿಟ್ಟು ಚಿನ್ನ ಅಗೆಯಲು ಆಸ್ಟ್ರೇಲಿಯಾಕ್ಕೆ ಹೋದದ್ದೇಕೆ?

ಉತ್ತರ: ಬಡತನದಿಂದ. ಶಿಲ್ಪಿಯ ಕೆಲಸ ಆರಂಭದಿಂದಲೇ ದುಡ್ಡು ಬೇಡುತ್ತದೆ. ಮೊದಲು ಜೇಡಿಮಣ್ಣಿನಲ್ಲಿ ಆಕೃತಿ ತಿದ್ದಬೇಕು, ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆಯಬೇಕು, ಆಮೇಲೆ ಅಮೃತಶಿಲೆಯನ್ನು ಕೊಂಡು ಸಹಾಯಕರೊಂದಿಗೆ ಕಡೆಯಬೇಕು ಅಥವಾ ಎರಕದ ಮನೆಗೆ ಕಳುಹಿಸಿ ಕಂಚಿನಲ್ಲಿ ಹೊಯ್ಯಿಸಬೇಕು. ಹಣ ಕೊಟ್ಟು ಕೆಲಸ ಒಪ್ಪಿಸುವವರಿಲ್ಲದೆ ಇದು ಸಾಗದು. ವರ್ಡ್ಸ್‌ವರ್ತ್ ಕವಿಯ ಸ್ಮಾರಕಕ್ಕಾಗಿ ನಡೆದ ಸ್ಪರ್ಧೆಯಲ್ಲಿ ವುಲ್ನರನ ಮಾದರಿ ಆಯ್ಕೆಯಾಗದೆ ಹೋದದ್ದು ಆತನನ್ನು ಬಹಳವಾಗಿ ಕುಗ್ಗಿಸಿತು. 1852ರ ಜುಲೈನಲ್ಲಿ ಬರ್ನಾರ್ಡ್ ಸ್ಮಿತ್ ಮತ್ತು ಎಡ್ವರ್ಡ್ ಲಾ ಟ್ರೋಬ್ ಬೇಟ್ಮನ್ ಎಂಬ ಗೆಳೆಯರೊಂದಿಗೆ ಆತ ಹಡಗು ಹತ್ತಿದ. ಅವನನ್ನು ಬೀಳ್ಕೊಟ್ಟ ನೆನಪಿನಿಂದ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬಿಡಿಸಿದ 'ದಿ ಲಾಸ್ಟ್ ಆಫ್ ಇಂಗ್ಲೆಂಡ್' ಎಂಬ ಚಿತ್ರ ಇಂದು ವುಲ್ನರನಿಗಿಂತ ಹೆಚ್ಚು ಪ್ರಸಿದ್ಧವಾಗಿದೆ.

ವಿಕ್ಟೋರಿಯಾ ವಸಾಹತಿನ ಗಣಿಗಳಲ್ಲಿ ಕೆಲವು ತಿಂಗಳು ಅಗೆದರೂ ಹೇಳಿಕೊಳ್ಳುವಂಥ ಚಿನ್ನ ಸಿಗಲಿಲ್ಲ. ಆಗ ಆತ ಮೆಲ್ಬರ್ನಿಗೆ ಬಂದು ತನ್ನ ಕಸುಬನ್ನೇ ಮತ್ತೆ ಹಿಡಿದ, ಸಿಡ್ನಿಯಲ್ಲಿಯೂ ಅದನ್ನೇ ಮುಂದುವರಿಸಿದ. ಮೆಡಾಲಿಯನ್ ಎಂಬ ದುಂಡನೆಯ ಉಬ್ಬುಶಿಲ್ಪಕ್ಕೆ ದೊಡ್ಡ ಕಲ್ಲು ಬೇಡ, ದೊಡ್ಡ ಕಾರ್ಯಾಗಾರವೂ ಬೇಡ. ಪಕ್ಕದಿಂದ ಕಾಣುವ ಮುಖವನ್ನು ನೋಡಿ ಮಣ್ಣಿನಲ್ಲಿ ಮೂಡಿಸಿ, ಎರಕ ತೆಗೆದರಾಯಿತು. ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾ ಟ್ರೋಬ್, ರಾಜಕಾರಣಿ ವಿಲಿಯಂ ವೆಂಟ್‌ವರ್ತ್ ಮೊದಲಾದ ಅಲ್ಲಿನ ಗಣ್ಯರ ಮುಖಗಳು ಹೀಗೆ ಆತನ ಕೈಯಲ್ಲಿ ಮೂಡಿದವು. 1854ರಲ್ಲಿ ಆತ ಇಂಗ್ಲೆಂಡಿಗೆ ಮರಳಿದ. ನನ್ನ ಅಭಿಪ್ರಾಯದಲ್ಲಿ ಈ ಎರಡು ವರ್ಷ ವ್ಯರ್ಥವಾಗಲಿಲ್ಲ. ಅಂಗೈಯಗಲದ ಜಾಗದಲ್ಲಿ ಒಬ್ಬ ವ್ಯಕ್ತಿಯ ಸ್ವಭಾವವನ್ನು ಹಿಡಿದಿಡುವ ಅಭ್ಯಾಸವನ್ನು ಆತನಲ್ಲಿ ಗಟ್ಟಿಗೊಳಿಸಿದ್ದು ಅವೇ.

ಪ್ರಶ್ನೆ: ಕವಿಯಾಗಿ ವುಲ್ನರನ ಸ್ಥಾನವೇನು?

ಉತ್ತರ: ಬಳಗದವರು 1850ರಲ್ಲಿ ಹೊರಡಿಸಿ, ನಾಲ್ಕೇ ಸಂಚಿಕೆಗಳಿಗೆ ನಿಂತುಹೋದ 'ದಿ ಜರ್ಮ್' ಪತ್ರಿಕೆಯ ಮೊದಲ ಸಂಚಿಕೆ ಆರಂಭವಾಗುವುದೇ ವುಲ್ನರನ ಕವಿತೆಗಳಿಂದ: ಒಂದು ಪ್ರೇಮಿಯ ಸಂಭ್ರಮದ್ದು, ಇನ್ನೊಂದು ಅದೇ ಪ್ರೇಯಸಿಯ ಮರಣದ್ದು. ಇವನ್ನು ಬೆಳೆಸಿ 1863ರಲ್ಲಿ 'ಮೈ ಬ್ಯೂಟಿಫುಲ್ ಲೇಡಿ' ಎಂಬ ಪುಸ್ತಕವನ್ನಾಗಿ ಪ್ರಕಟಿಸಿದ. ಪುಸ್ತಕಕ್ಕಿಂತ ಪತ್ರಿಕೆಯಲ್ಲಿ ಬಂದ ಚಿಕ್ಕ ರೂಪವೇ ನನಗೆ ಹೆಚ್ಚು ಹಿಡಿಸುತ್ತದೆ. ಹಿಗ್ಗಿಸಿದಲ್ಲಿ ಭಾವ ತೆಳುವಾಗಿದೆ. ಬಹಳ ವರ್ಷಗಳ ನಂತರ ಬರೆದ 'ಪಿಗ್ಮೇಲಿಯನ್' (1881), 'ಸೈಲೀನಸ್' (1884), 'ಟೈರೀಸಿಯಸ್' (1886) ಗ್ರೀಕ್ ಪುರಾಣದ ವಸ್ತುಗಳನ್ನು ಆಯ್ದುಕೊಂಡ ದೀರ್ಘ ಕಾವ್ಯಗಳು. ತಾನು ಕಡೆದ ಮೂರ್ತಿಯನ್ನೇ ಪ್ರೀತಿಸಿದ ಶಿಲ್ಪಿ ಪಿಗ್ಮೇಲಿಯನ್ನನ ಕಥೆ ವುಲ್ನರನನ್ನು ಸೆಳೆದದ್ದು ಸಹಜವೇ ಆದರೂ, ಆ ಕಾವ್ಯಗಳಿಗೆ ಇಂದು ಓದುಗರು ವಿರಳ.

ಆದರೆ ಇಂಗ್ಲಿಷ್ ಕಾವ್ಯಕ್ಕೆ ಆತ ಕೊಟ್ಟ ಇನ್ನೊಂದು ಕೊಡುಗೆಯನ್ನು ಮರೆಯಬಾರದು. ಸಮುದ್ರದಲ್ಲಿ ಸತ್ತನೆಂದು ಎಲ್ಲರೂ ನಂಬಿದ್ದ ನಾವಿಕನೊಬ್ಬ ವರ್ಷಗಳ ನಂತರ ಊರಿಗೆ ಬಂದಾಗ ಹೆಂಡತಿ ಬೇರೊಬ್ಬನ ಮನೆ ತುಂಬಿರುವ ಕಥೆಯನ್ನು ಬರೆದು ಟೆನಿಸನ್ನನಿಗೆ ಒಪ್ಪಿಸಿದವನು ವುಲ್ನರನೇ. 1864ರಲ್ಲಿ ಪ್ರಕಟವಾದ 'ಈನಕ್ ಆರ್ಡನ್' ಅದರಿಂದ ಹುಟ್ಟಿತು. ಅದನ್ನು ತಾನೇ ಕಾವ್ಯವಾಗಿಸಲು ಹೊರಡದೆ, ತನಗಿಂತ ಸಮರ್ಥನಾದ ಕವಿಗೆ ಬಿಟ್ಟುಕೊಟ್ಟ ಆ ಔದಾರ್ಯ ದೊಡ್ಡದು.

ಪ್ರಶ್ನೆ: ಡಾರ್ವಿನ್ ತನ್ನ ಗ್ರಂಥದಲ್ಲಿ ವುಲ್ನರನನ್ನು ಹೆಸರಿಸಿರುವುದು ನಿಜವೇ?

ಉತ್ತರ: ನಿಜ. 1847ರ ಸುಮಾರಿಗೆ ವುಲ್ನರ್ ಷೇಕ್ಸ್‌ಪಿಯರನ ನಾಟಕದ ಪಕ್ ಎಂಬ ಕುಚೇಷ್ಟೆಯ ಯಕ್ಷನ ಮೂರ್ತಿಯನ್ನು ಮಾಡುತ್ತಿದ್ದಾಗ ಅದಕ್ಕೆ ಚೂಪಾದ ಕಿವಿಗಳನ್ನಿಟ್ಟಿದ್ದ. ಆ ಕಿವಿಗಳು ನಂಬುವಂತಿರಬೇಕಲ್ಲವೇ? ಅದಕ್ಕಾಗಿ ಆತ ಹಲವು ಕೋತಿಗಳ ಕಿವಿಗಳನ್ನು ಪರೀಕ್ಷಿಸಿದ, ಅನಂತರ ಮನುಷ್ಯರ ಕಿವಿಗಳನ್ನು ಇನ್ನಷ್ಟು ಗಮನವಿಟ್ಟು ನೋಡತೊಡಗಿದ. ಹಲವರ ಕಿವಿಯಲ್ಲಿ, ಒಳಕ್ಕೆ ಮಡಿಸಿಕೊಂಡಿರುವ ಮೇಲಂಚಿನ ಮೇಲೆ, ಸಣ್ಣದೊಂದು ಮೊಂಡು ತುದಿ ಇರುವುದು ಕಂಡಿತು. 1868ರ ಕೊನೆಯಲ್ಲಿ ಡಾರ್ವಿನ್ ತನ್ನ ಪ್ರತಿಮೆಗಾಗಿ ವುಲ್ನರನ ಮುಂದೆ ಕುಳಿತ. ಶಿಲ್ಪಿ ಕಂಡ ಈ ಸಂಗತಿ ಆ ವಿಜ್ಞಾನಿಗೆ ಬಹಳ ಮಹತ್ವದ್ದಾಗಿ ತೋರಿತು: ನಮ್ಮ ಪೂರ್ವಜ ಪ್ರಾಣಿಗಳಲ್ಲಿ ನೆಟ್ಟಗಿದ್ದ ಚೂಪು ಕಿವಿಯ ತುದಿಯೇ, ಅಂಚು ಒಳಕ್ಕೆ ಮಡಚಿಕೊಂಡಾಗ, ಹೀಗೆ ಉಳಿದಿರಬೇಕೆಂದು ಆತ ಬಗೆದ. 1871ರ 'ದಿ ಡಿಸೆಂಟ್ ಆಫ್ ಮ್ಯಾನ್' ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಈ ವಿವರವೂ ವುಲ್ನರ್ ಬರೆದುಕೊಟ್ಟ ಕಿವಿಯ ಚಿತ್ರವೂ ಇವೆ. ಅದಕ್ಕೆ 'ಆಂಗ್ಯುಲಸ್ ವುಲ್ನೇರಿಯಾನಸ್' ಎಂಬ ಲ್ಯಾಟಿನ್ ಹೆಸರನ್ನು ಡಾರ್ವಿನ್ ತಮಾಷೆಗೆ ಸೂಚಿಸಿದ್ದುಂಟು. ಆದರೆ ಇಂದು ಆ ಗುಬುಟಿಗೆ ಡಾರ್ವಿನ್ನನ ಹೆಸರೇ ರೂಢಿಯಲ್ಲಿದೆ. ಎಲ್ಲರ ತಲೆಯ ಮೇಲೂ ಇರುವ, ಅಂಗರಚನೆಯನ್ನು ಬಲ್ಲವರು ನಿತ್ಯ ನೋಡುವ ಅಂಗವೊಂದರಲ್ಲಿ ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದನ್ನು ಶಿಲ್ಪಿಯೊಬ್ಬ ಕಂಡನೆಂಬುದು ಕಲಾಭ್ಯಾಸಿಗಳೆಲ್ಲ ತಿಳಿದಿರಬೇಕಾದ ಸಂಗತಿ.

ಪ್ರಶ್ನೆ: ಆತನ ಕೃತಿಗಳನ್ನು ಎಲ್ಲಿ ನೋಡಬಹುದು?

ಉತ್ತರ: ಸಿಡ್ನಿಯ ಹೈಡ್ ಪಾರ್ಕಿನಲ್ಲಿ, ಎಡಗೈಯಲ್ಲಿ ದೂರದರ್ಶಕ ಹಿಡಿದು ಬಲಗೈಯನ್ನು ಮೇಲೆತ್ತಿ ನಿಂತಿರುವ ಕ್ಯಾಪ್ಟನ್ ಕುಕ್‌ನ ಕಂಚಿನ ಮೂರ್ತಿ 1879ರಲ್ಲಿ ಅನಾವರಣಗೊಂಡದ್ದು. ಸಿಂಗಪುರದ ರ‍್ಯಾಫಲ್ಸ್ ಮೂರ್ತಿ 1887ರದು. ನದಿಯ ದಡದಲ್ಲಿ ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುವ ಬಿಳಿಯ ಮೂರ್ತಿ 1972ರ ಪ್ರತಿ, ಮೂಲ ಕಂಚಿನದು ಅದರಿಂದ ಅನತಿ ದೂರದಲ್ಲಿದೆ. ಲಂಡನ್ನಿನ ಥೇಮ್ಸ್ ದಂಡೆಯ ಉದ್ಯಾನದಲ್ಲಿ ಜಾನ್ ಸ್ಟುವರ್ಟ್ ಮಿಲ್, ಪಾರ್ಲಿಮೆಂಟ್ ಚೌಕದಲ್ಲಿ ಪಾಮರ್‌ಸ್ಟನ್ ಇದ್ದಾರೆ. ಬೊಂಬಾಯಿಗಾಗಿ ಬಾರ್ಟಲ್ ಫ್ರಿಯರ್ ಮೂರ್ತಿಯನ್ನೂ ಕಲ್ಕತ್ತೆಗಾಗಿ ಲಾರ್ಡ್ ಲಾರೆನ್ಸ್ ಮೂರ್ತಿಯನ್ನೂ ಆತ ಮಾಡಿಕೊಟ್ಟಿದ್ದ. 1892ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ಇಂಥ ಕೆಲಸಗಳು ಆತನ ಕೈ ತುಂಬಿದ್ದವು. ಆದರೆ ನೋಡುವ ಅವಕಾಶ ಸಿಕ್ಕರೆ ಮೊದಲು ಮೆಡಾಲಿಯನ್ನುಗಳನ್ನು ನೋಡಿ. ಎತ್ತರದ ಪೀಠದ ಮೇಲಿನ ಮೂರ್ತಿಗಳಲ್ಲಿ ನಿಲುವು ಎದ್ದು ಕಂಡು ಮುಖ ದೂರವಾಗುತ್ತದೆ, ವುಲ್ನರನ ಶಕ್ತಿಯೆಲ್ಲ ಇದ್ದುದು ಮುಖದಲ್ಲಿ.