ಒಂದೇ ಕಂಪ್ಯೂಟರ್, ಆದರೂ ‘ಫೈಲ್ ಲಾಕ್’!

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ವರ್ಡ್‌ನಲ್ಲಿ ಅರ್ಜಿಯ ಫೈಲ್ ತೆರೆದರೆ ‘ಬೇರೊಬ್ಬರು ಬಳಸುತ್ತಿದ್ದಾರೆ, ಲಾಕ್ ಆಗಿದೆ’ ಅಂತ ಬರುತ್ತದೆ. ನಮ್ಮ ಅಂಗಡಿಯಲ್ಲಿರುವುದು ಒಂದೇ ಕಂಪ್ಯೂಟರ್.
– ಓದುಗರು, ಗಂಗಾವತಿ

ಉತ್ತರ: ಆ ‘ಬೇರೊಬ್ಬರು’ ನೀವೇ! ಫೈಲ್ ತೆರೆದಾಗ ವರ್ಡ್ ಅದೇ ಫೋಲ್ಡರ್‌ನಲ್ಲಿ ತೆರೆದವರ ಹೆಸರಿರುವ ಪುಟ್ಟ ಫೈಲೊಂದನ್ನು ಬಚ್ಚಿಡುತ್ತದೆ. ಸರಿಯಾಗಿ ಮುಚ್ಚಿದರೆ ತಾನೇ ಅಳಿಸುತ್ತದೆ. ಕರೆಂಟ್ ಹೋದದ್ದರಿಂದ ಅದು ಅಲ್ಲೇ ಉಳಿದಿದೆ.

ವರ್ಡ್ ಮುಚ್ಚಿ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ ಕಂಡರೆ ‘ಎಂಡ್ ಟಾಸ್ಕ್’ ಕೊಡಿ. ಫೋಲ್ಡರ್‌ನ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ ಆನ್ ಮಾಡಿದರೆ ~$ ಎಂದು ಶುರುವಾಗುವ, ಮಸುಕು ಐಕಾನಿನ ಫೈಲ್ ಕಾಣುತ್ತದೆ. ಅದನ್ನು ಮಾತ್ರ ಡಿಲೀಟ್ ಮಾಡಿ. ಹೆದರಬೇಡಿ, ಅದರಲ್ಲಿ ಅರ್ಜಿಯ ಒಂದಕ್ಷರವೂ ಇಲ್ಲ.

ಯುಪಿಎಸ್ ಇಲ್ಲವೇ? ಫೈಲ್–ಆಪ್ಷನ್ಸ್–ಸೇವ್‌ಗೆ ಹೋಗಿ ಆಟೋರಿಕವರ್ (ಮಾಡುತ್ತಿರುವ ಕೆಲಸದ ನಕಲನ್ನು ವರ್ಡ್ ಆಗಾಗ ತಾನೇ ಉಳಿಸುವ ಸೌಲಭ್ಯ) ಅವಧಿಯನ್ನು 10 ನಿಮಿಷದಿಂದ 2ಕ್ಕೆ ಇಳಿಸಿ.