ಆ 'ಆದ್ದರಿಂದ' ಎಲ್ಲಿಂದ ಬಂತು?

ನಮಸ್ಕಾರ.

ದೊಡ್ಡ ಡಿಎನ್‌ಎ ತುಂಡುಗಳನ್ನು ಕ್ಲೋನ್ ಮಾಡಲು, ಅಂದರೆ ಕೋಶದೊಳಗೆ ಸೇರಿಸಿ ಪ್ರತಿ ಮಾಡಿಸಲು, ಯಾವ ವೆಕ್ಟರ್ (ತುಂಡನ್ನು ಹೊರುವ ವಾಹಕ ಡಿಎನ್‌ಎ) ಆರಿಸಬೇಕು ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಶ್ರಮ ಕಾಣುತ್ತದೆ. ಆದರೆ ಮೂರನೇ ಪ್ಯಾರಾದ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ.

"ಯೀಸ್ಟ್ ಕೃತಕ ಕ್ರೋಮೋಸೋಮ್, ಅಂದರೆ ಯಾಕ್, ಹತ್ತು ಲಕ್ಷ ಬೇಸ್‌ಗಳನ್ನೂ ಹಿಡಿಸುತ್ತದೆ. ಆದ್ದರಿಂದ ದೊಡ್ಡ ತುಂಡಿಗೆ ಇದೇ ಉತ್ತಮ."

ಮೊದಲ ವಾಕ್ಯ ಸರಿ. ಆ 'ಆದ್ದರಿಂದ' ಎಲ್ಲಿಂದ ಬಂತು? ಯಾಕ್ ಬಂದದ್ದು 1987ರಲ್ಲಿ. ಆಮೇಲೆ ನೋಡಿದರೆ ಎಷ್ಟೋ ಕ್ಲೋನ್‌ಗಳಲ್ಲಿ ಜೀನೋಮ್‌ನ ಬೇರೆ ಬೇರೆ ಕಡೆಯ ಎರಡು ತುಂಡುಗಳು ಅಂಟಿಕೊಂಡಿದ್ದವು. ಕೆಲವು ಲೈಬ್ರರಿಗಳಲ್ಲಿ, ಅಂದರೆ ಕ್ಲೋನ್‌ಗಳ ಸಂಗ್ರಹಗಳಲ್ಲಿ, ಸುಮಾರು ಅರ್ಧದಷ್ಟು ಹೀಗೆ! ಇನ್ನು ಕೆಲವು ಬೆಳೆಯುತ್ತಾ ಬೆಳೆಯುತ್ತಾ ತುಂಡಿನ ಭಾಗವನ್ನೇ ಕಳೆದುಕೊಳ್ಳುತ್ತಿದ್ದವು. 1992ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯವರು ತಂದ ಬ್ಯಾಕ್, ಅಂದರೆ ಬ್ಯಾಕ್ಟೀರಿಯಾ ಕೃತಕ ಕ್ರೋಮೋಸೋಮ್, ಹಿಡಿಯುವುದು ಸುಮಾರು 3 ಲಕ್ಷ ಬೇಸ್ ಅಷ್ಟೇ. ಆದರೂ ಮಾನವ ಜೀನೋಮ್ ಯೋಜನೆ ಮುಖ್ಯವಾಗಿ ನೆಚ್ಚಿಕೊಂಡದ್ದು ಅದನ್ನೇ.

ಇದಕ್ಕೆ ಕಾರಣ ನೀವು ಬರೆಯಲೇಬೇಕು. ನೀವು ಬರೆದಿರುವುದು: "ಬ್ಯಾಕ್‌ನ ಪ್ರತಿಗಳು ಕಡಿಮೆ, ಇದೊಂದು ಕೊರತೆ." ಇಲ್ಲ, ಅದರ ಗುಟ್ಟೇ ಅದು. ಎಫ್ ಪ್ಲಾಸ್ಮಿಡ್ ಎಂಬ ಬ್ಯಾಕ್ಟೀರಿಯಾದ ದುಂಡು ಡಿಎನ್‌ಎಯಿಂದ ಬಂದ, ಪ್ರತಿಗಳ ಸಂಖ್ಯೆಯ ಮೇಲಿನ ಹಿಡಿತ ಒಂದು ಇ. ಕೋಲಿ ಬ್ಯಾಕ್ಟೀರಿಯಾ ಕೋಶದಲ್ಲಿ ಒಂದೋ ಎರಡೋ ಪ್ರತಿ ಮಾತ್ರ ಇರಗೊಡುತ್ತದೆ. ಒಂದೇ ಥರದ ಹತ್ತಾರು ಪ್ರತಿಗಳು ಒಟ್ಟಿಗಿದ್ದರೆ ತಮ್ಮಲ್ಲೇ ಹೆಣೆದುಕೊಂಡು ತುಂಡನ್ನು ಕೆಡಿಸುತ್ತವೆ. ಕಾಸ್ಮಿಡ್ ಎಂಬ ಹಳೆಯ ವೆಕ್ಟರ್‌ಗೆ ಈ ಕಾಟ ಇತ್ತು. ಅದಕ್ಕೇ ಅದೇ 40 ಸಾವಿರ ಬೇಸ್ ಅಳತೆಗೆ ಎಫ್ ಹಿಡಿತದ ಫಾಸ್ಮಿಡ್ ಎಂಬ ವೆಕ್ಟರ್ ಬಂತು. ಪ್ರತಿ ಕಡಿಮೆಯಾದರೆ ಡಿಎನ್‌ಎ ಕಡಿಮೆ ಸಿಗುತ್ತದೆ, ನಿಜ. ಕಲ್ಚರ್ ಜಾಸ್ತಿ ಬೆಳೆಸಿಕೊಳ್ಳಬಹುದು. ಕಳೆದುಹೋದ ಭಾಗವನ್ನು ಎಲ್ಲಿಂದ ತರುತ್ತೀರಿ?

ಮುಂದೆ ಇನ್ನೊಂದು ಸಾಲು: "ಡಿಎನ್‌ಎಯನ್ನು ಚೆನ್ನಾಗಿ ಬೆರೆಸಿ." ಓದಿ ಎದೆ ಧಸಕ್ಕೆಂದಿತು. ಲ್ಯಾಬಿಗೆ ಸೇರಿದ ಹೊಸತರಲ್ಲಿ ನಾನೂ ಪಿಪೆಟ್‌ನಲ್ಲಿ ಸರಸರ ಎಳೆದು ಬಿಟ್ಟು ಬೆರೆಸಿದ್ದೆ. ಮರುದಿನ ಡಿಎನ್‌ಎಯನ್ನು ಅಳತೆಯಂತೆ ಬೇರ್ಪಡಿಸುವ ಜೆಲ್‌ನಲ್ಲಿ ಮೇಲೆ ದಟ್ಟ ಗೆರೆ ಇರಬೇಕಾದಲ್ಲಿ ಕೆಳಗಿನವರೆಗೂ ಮಸುಕು. ಎಳೆಗಳೆಲ್ಲ ತುಂಡಾಗಿದ್ದವು. ನಮ್ಮ ಸೀನಿಯರ್ ಬೈಯಲಿಲ್ಲ. ಕತ್ತರಿ ತೆಗೆದುಕೊಂಡು ನೀಲಿ ಟಿಪ್‌ನ ತುದಿ ಕತ್ತರಿಸಿದರು. ಅಗಲವಾದ ಆ ಬಾಯಿಂದ, ಜೇನುತುಪ್ಪ ಎಳೆಯುವ ಹಾಗೆ ನಿಧಾನಕ್ಕೆ ಎಳೆದು ತೋರಿಸಿದರು. ಬ್ಯಾಕ್ ಲೈಬ್ರರಿಗಾದರೆ ಅದೂ ಸಾಲದು. ಕೋಶಗಳನ್ನೇ ಅಗರೋಸ್ ಪ್ಲಗ್ ಎಂಬ ಜೆಲ್ಲಿಯಂಥ ಸಣ್ಣ ತುಂಡಿನೊಳಗೆ ಹುದುಗಿಸಿ, ಅಲ್ಲೇ ಒಡೆದು, ಅಲ್ಲೇ ಕಿಣ್ವ ಹಾಕಿ ಕತ್ತರಿಸಬೇಕು. ನಿಮ್ಮ ಲೇಖನದಲ್ಲಿ ಪ್ಲಗ್‌ನ ಸುದ್ದಿಯೇ ಇಲ್ಲ.

ಈ ಎರಡು ಜಾಗ ಮತ್ತೆ ಬರೆದು ಕಳಿಸಿ. ಮಿಕ್ಕದ್ದನ್ನು ಆಮೇಲೆ ಕೂತು ನೋಡೋಣ.